ಹನ್ನೊಂದು ದಿನ ನಾಗನಾಗಿ ಮೆರೆದ ಬೋವಾ ಮರಿಯವರ ಸನ್ನಿಧಿಗೆ

ಶ್ರೀಮಾನ್ ಅಥವಾ ಶ್ರೀಮತಿ (ಇದು ಇನ್ನೂ ಇತ್ಯರ್ಥವಾಗಿಲ್ಲ) ಬೋವಾ ಮರಿಯವರಿಗೆ,
ನೀಲಿ ಪ್ಲಾಸ್ಟಿಕ್ ಪೆಟ್ಟಿಗೆ, ಮಹಡಿಯ ಕೋಣೆ, ಬೆಳ್ಳೂರು, ಕಾಸರಗೋಡು ಜಿಲ್ಲೆ.

ಮಾನ್ಯರೇ,

ತಾವು ಕ್ಷೇಮವೆಂದು ಪೆಟ್ಟಿಗೆಯ ಥರ್ಮಾಮೀಟರ್ ಹೇಳುತ್ತಿದೆ. ನನ್ನ ಕ್ಷೇಮವನ್ನು ತಾವು ಏಳು ತಿಂಗಳಲ್ಲಿ ಒಮ್ಮೆಯೂ ಕೇಳಿಲ್ಲವಾದ್ದರಿಂದ ಆ ವಿಷಯ ಬಿಟ್ಟು ನೇರವಾಗಿ ತಪ್ಪೊಪ್ಪಿಗೆಗೆ ಬರುತ್ತೇನೆ. ಈ ಏಳು ತಿಂಗಳು ಮನೆಯಲ್ಲಿ ಯಾರು "ಆ ಪೆಟ್ಟಿಗೆಯಲ್ಲಿ ಎಂತ ಉಂಟು?" ಎಂದು ಕೇಳಿದರೂ ನಾನು "ಜಂಶೀರನ ಸಾಮಾನು" ಎಂದು ಹೇಳುತ್ತ ಬಂದೆ. ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಸಾಮಾನಿಗೆ ನಾಲಿಗೆ ಉಂಟು, ಅದು ಎರಡಾಗಿ ಸೀಳಿದೆ ಎಂಬುದನ್ನು ನಾನು ಹೇಳಲಿಲ್ಲ. ಲ್ಯಾಬಿನಲ್ಲಿ ಲೋಲಕ ಕೊಡದ ಉತ್ತರವನ್ನು ಸೀನಿಯರ್ ಒಬ್ಬನ ರೆಕಾರ್ಡ್ ನೋಡಿ ಬರೆಯಲು ಮಾಸ್ತರರು ಹೇಳಿದರೆಂದು, "ಉತ್ತರ ಬರಲಿಲ್ಲ" ಎಂದು ದೊಡ್ಡದಾಗಿ ಬರೆದಿಟ್ಟು ಪ್ಲಸ್ ಟು ಬಿಟ್ಟು ಬಂದವನು ನಾನು. ಅಂಥವನು ಒಂದು ಹಾವಿಗಾಗಿ ಸತ್ಯವನ್ನು ಕತ್ತರಿಸಿ ಕತ್ತರಿಸಿ ಬಡಿಸಿದೆನಲ್ಲ ಎಂದು ನಾಚಿಕೆಯಾಗುತ್ತದೆ. ತಮಗೆ ಹೊರಗಿವಿ ಇಲ್ಲವಾದ್ದರಿಂದ ಇದನ್ನು ಬರವಣಿಗೆಯಲ್ಲಿ ಸಲ್ಲಿಸುತ್ತಿದ್ದೇನೆ.

ತಾವು ಇಲ್ಲಿಗೆ ಬಂದ ಬಗೆಯನ್ನು ತಾವು ಮರೆತಿರಬಹುದು. ನಾನು ಕೆಲಸ ಮಾಡುವ ಅಕ್ವೇರಿಯಂ ಅಂಗಡಿಯ ಯಜಮಾನ ಜಂಶೀರ್, ಅವನ ಅಣ್ಣ ನಿಸಾರ್. ತಮ್ಮನ್ನು ಕಾಗದಪತ್ರ ಸಮೇತ, ಆನ್‌ಲೈನ್ ನೋಂದಣಿ ಮಾಡಿಸಿ ತಂದವರು ನಿಸಾರಣ್ಣ. ಅವರಿಗೆ ದುಬೈ ವೀಸಾ ಬಂತು, ತಮಗೆ ಬರಲಿಲ್ಲ. ಜಂಶೀರನ ತಾಯಿ ನಬೀಸುಮ್ಮ ತಮ್ಮನ್ನು ಒಂದೇ ಒಂದು ಸಲ ನೋಡಿ "ಈ ಮನೆಯಲ್ಲಿ ಒಂದೋ ಅದು, ಇಲ್ಲದಿದ್ದರೆ ನಾನು" ಎಂದರು. ಜಂಶೀರ್ ಉಮ್ಮನನ್ನು ಆರಿಸಿಕೊಂಡ. "ಹತ್ತು ದಿನ ಇಟ್ಟುಕೋ ಮಾರಾಯ, ಅದೆಂತ ಮಾತಾಡ್ಲಿಕ್ಕುಂಟಾ?" ಎಂದು ತಮ್ಮನ್ನು ನನ್ನ ಮಡಿಲಿಗಿಟ್ಟ. ಆ ಹತ್ತು ದಿನ ಇನ್ನೂ ಮುಗಿದಿಲ್ಲ.

ಇನ್ನು ತಮ್ಮ ಸೇವೆಯ ವಿಚಾರ. ಪೆಟ್ಟಿಗೆಯ ಒಂದು ತುದಿ ಮೂವತ್ತೆರಡು ಡಿಗ್ರಿ ಇರಬೇಕು, ಇನ್ನೊಂದು ತುದಿ ತುಸು ತಂಪಾಗಿರಬೇಕು, ಏಕೆಂದರೆ ಬಿಸಿಯೋ ತಂಪೋ ಎಂಬುದನ್ನು ಆಯಾ ಹೊತ್ತಿಗೆ ತಾವೇ ನಿರ್ಧರಿಸುವುದು. ನನಗೆ ಈ ಮನೆಯಲ್ಲಿ ಇರುವುದು ಒಂದೇ ತುದಿ, ಅದು ಹಂಚಿನ ಕೆಳಗೆ. ಕರೆಂಟು ಹೋಗಿ ಇನ್ವರ್ಟರೂ ಮುಗಿದಾಗ ತಮಗೆ ಚಳಿಯಾಗಬಾರದೆಂದು ಬಿಸಿನೀರಿನ ಬಾಟಲಿಯನ್ನು ನನ್ನ ಅಂಗಿಯಲ್ಲಿ ಸುತ್ತಿ ಪಕ್ಕದಲ್ಲಿಟ್ಟು, ನಾನು ಅಂಗಿಯಿಲ್ಲದೆ ಕೂತಿದ್ದೇನೆ. ತಮಗೆ ಅಡಗಲು ಎರಡು ತೆಂಗಿನ ಚಿಪ್ಪು ಇಟ್ಟೆ. ತಾವು ಎರಡನ್ನೂ ಬಿಟ್ಟು ನೀರಿನ ಬಟ್ಟಲಿನಲ್ಲಿ ಮಲಗಿ, ಅದರಲ್ಲೇ ಮಾಡಬಾರದ್ದನ್ನು ಮಾಡಿ, ಬಟ್ಟಲು ತೊಳೆಯುವವನ ಮುಖವನ್ನು ರೆಪ್ಪೆ ಮಿಟುಕಿಸದೆ ನೋಡಿದಿರಿ. ರೆಪ್ಪೆ ಇಲ್ಲವೆಂಬ ಸಬೂಬು ತಮಗಿದೆ, ಬಲ್ಲೆ.

ಊಟದ ಮಾತು ಎತ್ತಿದರೆ ನನ್ನ ತಂಗಿ ನಿಶ್ಮಿತಾ ಈಗಲೂ ಎದ್ದು ಹೋಗುತ್ತಾಳೆ. ತಮಗೆಂದು ಹಿಮಗಟ್ಟಿಸಿದ ಇಲಿಮರಿಗಳನ್ನು ನಾನು ಐಸ್‌ಕ್ರೀಂ ಡಬ್ಬದಲ್ಲಿ ಹಾಕಿ ಫ್ರೀಜರಿನ ಹಿಂದೆ ಇಟ್ಟಿದ್ದೆ. ನಮ್ಮ ಮನೆಯ ಐಸ್‌ಕ್ರೀಂ ಡಬ್ಬದಲ್ಲಿ ಐಸ್‌ಕ್ರೀಂ ಇದ್ದದ್ದೇ ಇಲ್ಲ, ಮೀನು ಅಥವಾ ತುರಿದ ಕಾಯಿ ಇರುತ್ತದೆ ಎಂಬುದು ಹುಟ್ಟಿದಂದಿನಿಂದ ಗೊತ್ತಿದ್ದರೂ ಅವಳು ಆಸೆಯಿಂದ ತೆರೆದಳು. ಗುಟ್ಟು ಬಿಟ್ಟುಕೊಡದಿರಲು ನನ್ನ ಮೊಬೈಲನ್ನು ವಶಪಡಿಸಿಕೊಂಡಳು. ಇಷ್ಟೆಲ್ಲ ತೆತ್ತು, ಇಲಿಮರಿಯನ್ನು ಉಗುರುಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು, ಮದುಮಗನಿಗೆ ಬಡಿಸುವಂತೆ ಬಗ್ಗಿ ನಿಂತರೆ ತಾವು ತಲೆ ತಿರುಗಿಸಿದಿರಿ. ಒಂದು ವಾರ, ಎರಡು ವಾರ, ಮೂರು ವಾರ. ಕಣ್ಣಿಗೆ ಹಾಲಿನಂಥ ನೀಲಿ ಬಂದಾಗಲೇ, ತಾವು ಪೊರೆ ಬಿಡಲಿದ್ದೀರಿ, ಆ ಹೊತ್ತಿಗೆ ಉಣ್ಣುವುದು ತಮ್ಮ ಘನತೆಗೆ ತಕ್ಕುದಲ್ಲ ಎಂದು ನನಗೆ ತಿಳಿದದ್ದು. ಒಂದು ಸಾಲಿನ ನೋಟೀಸು ಹಾಕಿದ್ದರೆ ನಾನೂ ಸರಿಯಾಗಿ ಊಟ ಮಾಡುತ್ತಿದ್ದೆ.

ಈಗ ಮುಖ್ಯ ದೂರು. ಹಾವಿನ ಪೆಟ್ಟಿಗೆಯ ಮುಚ್ಚಳಕ್ಕೆ ಕೊಂಡಿ ಇರಬೇಕೆಂದು ತಿಳಿದವರೆಲ್ಲ ಹೇಳುತ್ತಾರೆ. ನನ್ನಲ್ಲಿ ಕೊಂಡಿಯಿರಲಿಲ್ಲ, ಪ್ಲಸ್ ಟು ಫಿಸಿಕ್ಸ್ ಪುಸ್ತಕವಿತ್ತು. ಅದಕ್ಕಿಂತ ಭಾರವಾದದ್ದು ಈ ಲೋಕದಲ್ಲಿಲ್ಲ ಎಂದು ನಂಬಿ ಮೇಲಿಟ್ಟೆ. ನಾನು ಅಂಗಡಿಗೆ ಹೋದ ಒಂದು ಬೆಳಿಗ್ಗೆ ತಾವು ಅದನ್ನು ಎತ್ತಿ ಕೆಡವಿ ಹೊರಬಂದು, ಅದರ ಮೂಲೆಗೇ ಮೂತಿ ಉಜ್ಜಿ, ಮುಖದಿಂದ ಬಾಲದವರೆಗಿನ ಪೊರೆಯನ್ನು ಅದೇ ಪುಸ್ತಕದ ಮೇಲೆ ಕಾಲುಚೀಲದಂತೆ ಕಳಚಿಟ್ಟು, ಇನ್ವರ್ಟರಿನ ಬೆಚ್ಚಗಿನ ಬೆನ್ನಿಗೆ ಒರಗಿ ನಿದ್ದೆಹೋದಿರಿ. ಎರಡು ವರ್ಷದಲ್ಲಿ ಆ ಪುಸ್ತಕದಿಂದ ಪ್ರಯೋಜನ ಪಡೆದವರು ತಾವೊಬ್ಬರೇ.

ಕೋಣೆ ಗುಡಿಸಲು ಬಂದ ನನ್ನ ಅಮ್ಮ ಸುಂದರಿ ಕಂಡದ್ದು ತಮ್ಮನ್ನಲ್ಲ, ಪೊರೆಯನ್ನು. ನಮ್ಮದು ನಾಗಬನವಿರುವ ಕುಟುಂಬ. ಮನೆಯೊಳಗೆ, ಅದೂ ಶಾಲೆ ಬಿಟ್ಟ ಮಗನ ಪಠ್ಯಪುಸ್ತಕದ ಮೇಲೆ, ಹರಿಯದ ಒಂದು ಪೊರೆ ಸಿಕ್ಕರೆ ನಮ್ಮಲ್ಲಿ ಯಾರೂ ತಮ್ಮ ತವರಾದ ದಕ್ಷಿಣ ಅಮೆರಿಕವನ್ನು ನೆನೆಯುವುದಿಲ್ಲ. ಅಮ್ಮ ಕೈಮುಗಿದು ಅದನ್ನು ಬಾಳೆಲೆಯಲ್ಲಿಟ್ಟು ದೊಡ್ಡಪ್ಪ ಹೊನ್ನಯ್ಯನವರನ್ನು ಕರೆಸಿದರು. ಅವರು ಕನ್ನಡಕ ಒರೆಸಿ ನೋಡಿ "ಹೆಡೆಯ ಗುರುತು ಸರಿಯಾಗಿ ಕಾಣ್ತದೆ" ಎಂದರು. ಮಾನ್ಯರೇ, ತಮಗೆ ಹೆಡೆಯೇ ಇಲ್ಲ. ತಾವು ಹೆಬ್ಬಾವಿನ ದೂರದ ದಾಯಾದಿ. ಆದರೂ ಹುಡುಗನ ಓದಿನ ಮೇಲೆ ನಾಗನಿಗೆ ಮನಸ್ಸುಂಟು, ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬನದಲ್ಲಿ ತಂಬಿಲದ ಪೂಜೆ ಕೊಡುವುದು, ಅದು ಮುಗಿದ ಮೇಲೆ ಇವನನ್ನು ಮತ್ತೆ ಶಾಲೆಗೆ ಸೇರಿಸುವುದು ಎಂದು ತೀರ್ಮಾನವಾಯಿತು.

ಸಂಜೆ ಬಂದು ತಮ್ಮನ್ನು ಗುಟ್ಟಾಗಿ ಪೆಟ್ಟಿಗೆಗೆ ಮರಳಿಸಿದ ನಾನು ಅಂದೇ ಹೇಳಬಹುದಿತ್ತು. ಹೇಳದ ಕಾರಣ ತಾವಲ್ಲ, ದೋಸೆ. ಶಾಲೆ ಬಿಟ್ಟಂದಿನಿಂದ ಅಮ್ಮ ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ನಾನು ಎದುರಿಗೇ ಕೂತಿದ್ದರೂ "ನಿಶ್ಮಿತಾ, ಅವನಿಗೆ ಹೇಳು ಊಟಕ್ಕೆ ಬರ್ಲಿಕ್ಕೆ" ಎನ್ನುವುದು, ನಾನು "ಹಸಿವಿಲ್ಲಾಂತ ಹೇಳು" ಎನ್ನುವುದು, ನಡುವೆ ನಿಶ್ಮಿತಾ "ನಾನೆಂತ ಪೋಸ್ಟಾಫೀಸಾ?" ಎನ್ನುವುದು, ಹೀಗೆ ಎರಡು ವರ್ಷ ನಡೆದಿತ್ತು. ಪೊರೆ ಸಿಕ್ಕ ಮರುದಿನ ಅಮ್ಮ ನೀರುದೋಸೆಗೆ ಬೆಲ್ಲ ಕಾಯಿ ಬೆರೆಸಿ ನನ್ನ ತಟ್ಟೆಗೇ ಹಾಕಿ "ಇನ್ನೊಂದು ಹಾಕಲಾ, ಪ್ರವೀತ್?" ಎಂದರು. ಹೆಸರು ಹಿಡಿದು. ಆ ದೋಸೆ ನನ್ನದಲ್ಲ, ನಾಗನದ್ದು ಎಂದು ಗೊತ್ತಿದ್ದೂ ಹನ್ನೊಂದು ದಿನ ತಿಂದೆ. ತಾವು ಉಪವಾಸವಿದ್ದು ನನಗೆ ಉಣ್ಣಿಸಿದಿರಿ, ಇಂಥ ಔದಾರ್ಯ ಎಷ್ಟು ಪ್ರಾಣಿಗಳಿಗಿದೆ?

ಭಾನುವಾರ ಹೊನ್ನಯ್ಯ ದೊಡ್ಡಪ್ಪ ಅರಸಿನ ಹಚ್ಚಿದ ಹರಿವಾಣ ನನ್ನ ಕೈಗೆ ಕೊಟ್ಟು, ಪೊರೆಯನ್ನು ನೀನೇ ಅದರಲ್ಲಿಡು ಎಂದರು. ಲೋಲಕದ ಮುಂದೆ ನಿಂತ ಹಾಗಾಯಿತು. ನಾನು "ಇದು ನಾಗನದ್ದಲ್ಲ, ಅಮೆರಿಕದ್ದು, ಮೇಲೆ ಪೆಟ್ಟಿಗೆಯಲ್ಲುಂಟು" ಎಂದೆ. ಯಾರೂ ನಂಬದಿದ್ದಾಗ ಹೋಗಿ ತಮ್ಮನ್ನು ತಂದೆ. ತಾವು ಆ ಶುಭ ಗಳಿಗೆಯಲ್ಲಿ ನನ್ನ ಕೈಗೆ ಸುತ್ತಿಕೊಂಡು ಎಲ್ಲರ ಮುಂದೆ ದೀರ್ಘವಾಗಿ ಆಕಳಿಸಿದಿರಿ. ಎರಡು ಕುರ್ಚಿ ಬಿದ್ದವು. ನನ್ನ ಕೋಣೆಯ ಸರಿಯಾಗಿ ಕೆಳಗೆ ಮಲಗುವ ಅಪ್ಪ ವಾಸಪ್ಪನವರು "ಇದು ಇಷ್ಟು ಸಮಯ ನನ್ನ ತಲೆಯ ಮೇಲೆ ಇದ್ದದ್ದಾ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಅಂಗಳಕ್ಕೆ ಇಳಿದರು. ದೊಡ್ಡಪ್ಪ ಮಾತ್ರ ಸೋಲಲಿಲ್ಲ: "ತಂಬಿಲ ಹೇಗೂ ನಾಗನಿಗೆ, ಪೊರೆಗಲ್ಲ. ನಡೀರಿ, ಹೊತ್ತಾಯ್ತು." ತಂಬಿಲ ನಡೆಯಿತು. ಅಮ್ಮ ತಿರುಗಿ ನೋಡದೆ ಹೇಳಿದರು, "ನಿಶ್ಮಿತಾ, ಅವನಿಗೆ ಹೇಳು, ಅದು ಈ ಮನೆಯಲ್ಲಿ ಬೇಡ."

ಹೀಗೆ ತಾವು ನನಗೆ ಅಮ್ಮನನ್ನು ಕೊಟ್ಟು ವಾಪಸು ತೆಗೆದುಕೊಂಡಿರಿ. ಆದ್ದರಿಂದ ಈ ಕೆಳಗಿನ ಬೇಡಿಕೆಗಳನ್ನು ದಯವಿಟ್ಟು ಪರಿಶೀಲಿಸಬೇಕು. ಮುಂದಿನ ಪೊರೆಯ ಮೇಲೆ ಮೂಲದೇಶದ ಹೆಸರು ಎದ್ದು ಕಾಣುವಂತಿರಲಿ, ಸಾಧ್ಯವಾದರೆ ಕನ್ನಡ ಮಲಯಾಳ ಎರಡರಲ್ಲೂ. ತಾವು ತುಳು ಕಲಿತು ಅಮ್ಮನ ಹತ್ತಿರ ನಡೆದದ್ದನ್ನು ನಡೆದ ಹಾಗೆ ಹೇಳಿ, ಆ ಹನ್ನೊಂದು ದಿನದಲ್ಲಿ ಕನಿಷ್ಠ ಒಂದು ದಿನವನ್ನಾದರೂ ನನ್ನ ಹೆಸರಿಗೆ ಬರೆಸಿಕೊಡಬೇಕು.

ತ್ರಿಶೂರಿನಲ್ಲಿ ತಮ್ಮಂಥವರನ್ನು ಸಾಕುವ ಒಬ್ಬರು ಪಶುವೈದ್ಯರಿದ್ದಾರೆ. ನಿಸಾರಣ್ಣ ದುಬೈಯಿಂದಲೇ ಕಾಗದಪತ್ರ ಅವರ ಹೆಸರಿಗೆ ಮಾಡಿಸಿದ್ದಾರೆ. ನನಗೂ ಅಲ್ಲಿ ಕೆಲಸ ಉಂಟಾ ಎಂದು ಕೇಳಿದೆ. ಕೊಡುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ, "ಬಾ, ಬಟ್ಟಲು ತೊಳೆಯುವುದನ್ನು ನೋಡುವ" ಎಂದರು.

ಇವತ್ತು ಮಧ್ಯಾಹ್ನ ತಮ್ಮ ಪ್ರಯಾಣದ ಪೆಟ್ಟಿಗೆಗೆ ಗಾಳಿಯ ತೂತು ಕೊರೆಯುತ್ತಿದ್ದಾಗ ಅಮ್ಮ ಬಾಗಿಲಿಗೆ ಬಂದು ನಿಂತರು. ನಿಶ್ಮಿತಾ ಮನೆಯಲ್ಲಿರಲಿಲ್ಲ. ಅಮ್ಮ "ದಾರಿಯಲ್ಲಿ ಅದಕ್ಕೆ ಚಳಿ ಆಗ್ಲಿಕ್ಕಿಲ್ಲವಾ?" ಎಂದು ಕೇಳಿದರು. ನನ್ನನ್ನೇ. ಆಮೇಲೆ ಸೊಂಟನೋವಿಗೆ ಅವರೇ ಇಟ್ಟುಕೊಳ್ಳುವ ರಬ್ಬರಿನ ಬಿಸಿನೀರಿನ ಚೀಲವನ್ನು ಹೊಸ್ತಿಲ ಮೇಲಿಟ್ಟು ಇಳಿದು ಹೋದರು.

ಈ ಸಲದ್ದು ನಾಗನ ಲೆಕ್ಕಕ್ಕೆ ಹೋಗುವುದಿಲ್ಲ ಎಂದು ತಾವು ದಯವಿಟ್ಟು ಗಮನಿಸಬೇಕು.

ಕಚ್ಚಿಸಿಕೊಂಡರೂ ತಮ್ಮ ವಿಶ್ವಾಸಿಯೇ ಆದ,
ಪ್ರವೀತ್

ವಿ.ಸೂ.: ಅಷ್ಟು ಚಂದದ ತಂಬಿಲ ಮುಗಿಯುವವರೆಗೂ ಉಪವಾಸವಿದ್ದ ತಾವು ನಿನ್ನೆ ಇಲಿಮರಿಯನ್ನು ಎರಡು ನಿಮಿಷದಲ್ಲಿ ನುಂಗಿದ್ದೀರಿ, ದೈವತ್ವ ಹೋದ ಮೇಲೆ ಹಸಿವು ಬರುತ್ತದೆಂದು ತೋರುತ್ತದೆ. ಊಟವಾದ ಮೇಲೆ ಎರಡು ದಿನ ತಮ್ಮನ್ನು ಅಲುಗಾಡಿಸಬಾರದೆಂಬ ನಿಯಮ ನನಗೆ ಗೊತ್ತು, ಇಷ್ಟು ದಿನ ಬಿಟ್ಟು ನಿನ್ನೆಯೇ ನುಂಗಿದ ತಮಗೂ ಅದು ಗೊತ್ತಿರಬೇಕು. ಕ್ಷಮಿಸಿ, ಜಂಶೀರನ ಓಮ್ನಿ ವ್ಯಾನಿಗೆ ಆ ನಿಯಮ ಗೊತ್ತಿಲ್ಲ. ಮುಚ್ಚಳದ ಮೇಲೆ ಫಿಸಿಕ್ಸ್ ಪುಸ್ತಕವನ್ನೇ ಇಟ್ಟು ಈ ಸಲ ಹಗ್ಗ ಬಿಗಿದಿದ್ದೇನೆ. ನಾಳೆ ಬೆಳಿಗ್ಗೆ ಆರು ಗಂಟೆಗೆ ಹೊರಡುತ್ತೇವೆ.