ದುರ್ಗದ ತಂಡಕ್ಕೊಬ್ಬ ಉದ್ದನೆ ಆಳು

ಇಲ್ಲಿ ಹೇಳೋದೆಲ್ಲ ನಡೆದಿದ್ದೇ. ನಮ್ಮನೆ ದೇವ್ರಾಣೆ, ಬೆಳಿಗ್ಗೆ ತಿಂದ ಮುದ್ದೆ ಆಣೆ. ಒಂದು ಮಾತು ಸುಳ್ಳಿದ್ರೆ ನಾಳೆಯಿಂದ ನನ್ನ ಮುದ್ದೆಗೆ ಸಾರು ಸಿಗದೆ ಹೋಗ್ಲಿ.

ನಾನು ದುರ್ಗದ ಒಂದು ಹತ್ತಿ ಗಿರಣಿನಾಗೆ ಮೇಸ್ತ್ರಿ ಆಗಿದ್ದೋನು. ಮೂರನೇ ಕ್ಲಾಸಿಗೆ ಇಸ್ಕೂಲು ಬಿಟ್ಟೆ. ಆದ್ರೆ ಕಣ್ಣಳತೆನಾಗೆ ನನ್ನ ಮೀರಿಸೋ ಗಂಡು ನಾಕು ತಾಲ್ಲೂಕಿನಾಗೆ ಇರಲಿಲ್ಲ. ಹತ್ತಿ ಅಂಡಿಗೆ ಗಾಡಿಯಿಂದ ಇಳಿಯಾಕ್ ಮುಂಚೆನೇ ತೂಕ ಹೇಳ್ತಿದ್ದೆ. ಅದಕ್ಕೇ ಉದ್ದನೆ ಮನುಷ್ಯನ್ನ ಹುಡುಕೋ ಕೆಲಸ ನನ್ನ ತಲೆಗೆ ಬಿತ್ತು. ಆ ಕೆಲಸಕ್ಕೆ ಕೈ ಹಾಕ್ದೋನಿಗೆ ದಿನ ಬೆಳಗಾದ್ರೆ ಒಂದಲ್ಲ ಒಂದು ಆಗ್ತಾನೇ ಇರ್ತೈತೆ.

ಎಪ್ಪತ್ತನೇ ಇಸವಿ ಮೇಲಿನ ಮಾತು. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಕೂ ಊರಿನ ಗಿರಣಿ ಸಾವ್ಕಾರ್ರಿಗೆ ಬಾಸ್ಕೆಟ್ ಬಾಲ್ ಹುಚ್ಚು ಹಿಡಿದಿತ್ತು. ಒಬ್ಬೊಬ್ಬರದೂ ಒಂದೊಂದು ತಂಡ. ಆಟಗಾರರ ಹೆಸರು ಗಿರಣಿ ಹಾಜರಿ ಪುಸ್ತಕದಾಗೆ, ತಿಂಗಳಾದ್ರೆ ಸಂಬಳ, ಕೆಲಸ ಮಾತ್ರ ಬಾಲ್ ಆಡೋದು. ಗೆದ್ದೋರಿಗೆ ವರ್ಷಕ್ಕೊಂದು ಕಪ್ಪು. ನಮ್ಮ ಹುಡುಗ್ರು ಇಲಿ ಇದ್ದಂಗೆ ಓಡ್ತಿದ್ರು, ಎತ್ತರ ಮಾತ್ರ ಇರಲಿಲ್ಲ. ಬಾಲು ಮೇಲಕ್ಕೆ ಹೋತು ಅಂದ್ರೆ ಐದು ಜನನೂ ಕತ್ತೆತ್ತಿ ವಿಮಾನ ನೋಡ್ದಂಗೆ ನೋಡ್ತಾ ನಿಲ್ಲೋರು.

ಮೂರು ವರ್ಷ ಹಿರಿಯೂರಿನೋರು ನಮ್ಮನ್ನ ಬಡಿದ್ರು. ಮೂರನೇ ಸಲ ಆ ಊರಿನ ಗಿರಣಿ ಮೇಸ್ತ್ರಿ ನನ್ನ ಹೆಗಲ ಮೇಲೆ ಕೈ ಹಾಕಿ, "ಏನಪ್ಪ ದುರ್ಗದೋನೆ, ನಿಮ್ಮೂರಾಗೆ ಕಲ್ಲುಗಳೇ ದೊಡ್ಡವು, ಮನುಷ್ಯರು ಸಣ್ಣೋರು" ಅಂದ.

ನನಗೆ ರೇಗ್ತು. "ಮುಂದಿನ ವರ್ಷ ಕಪ್ಪು ನಮ್ದು. ಬಾಜಿ ಕಟ್ತೀಯಾ?" ಅಂದೆ.

"ಎಷ್ಟು?"

ಸೈಕಲ್ ತಗಳ್ಳಾಕೆ ಅಂತ ಎರಡು ವರ್ಷದಿಂದ ಕೂಡಿಟ್ಟಿದ್ದೆ. ಗಿರಣಿಗೆ ದಿನಾ ಮೂರು ಮೈಲಿ ನಡಿಯೋನು ನಾನು. ಆ ಗಂಟು ಪೂರ್ತಿ ಕಟ್ಟಿದೆ. ಅವನೂ ಅಷ್ಟೇ ಕಟ್ಟಿದ. ದುಡ್ಡು ಹೊಳಲ್ಕೆರೆ ಹೋಟ್ಲು ಭಟ್ರ ಹತ್ರ ಇಟ್ವಿ. ನನ್ನ ಹೆಂಡ್ತಿಗೆ ಹೇಳಲಿಲ್ಲ.

೧. ಗಳ ಹಿಡಿದು ಹೊಂಟಿದ್ದು

ಸಾವ್ಕಾರ್ರು ಕರೆದು, "ಲೇ ಮೇಸ್ತ್ರಿ, ಆರು ಅಡಿ ಎರಡು ಇಂಚಿಗೆ ಕಮ್ಮಿ ಇರೋನ್ನ ತರಬ್ಯಾಡ" ಅಂದ್ರು. ನಾನು ಆರು ಅಡಿ ಎರಡು ಇಂಚಿಗೆ ಒಂದು ಹಸಿ ಬಿದಿರು ಗಳ ಕಡಿಸ್ಕಂಡು ಹೊಂಟೆ.

ಹೊಳಲ್ಕೆರೆ ಬಸ್ ಸ್ಟ್ಯಾಂಡಿನಾಗೆ ಒಬ್ಬ ಯಜಮಾನ ಬೆಂಚಿನ ಮೇಲೆ ಉದ್ದಕ್ಕೆ ಮಲಗಿದ್ದ. ಕಾಲು ಬೆಂಚಿನಿಂದ ಆಚೆ ಬಂದಿದ್ವು. ಮಲಗಿದೋನ್ನ ಎಬ್ಬಿಸೋದು ಯಾಕೆ ಅಂತ ಗಳ ಪಕ್ಕದಾಗೆ ಇಟ್ಟು ಅಳೆದೆ. ಸರಿಯಾಗಿ ಐತೆ. ನನಗೆ ಖುಷಿ ತಡೀಲಿಲ್ಲ, "ಸರಿ ಹೋತು" ಅಂತ ಜೋರಾಗಿ ಅಂದ್ಬಿಟ್ಟೆ.

ಆತ ಕಣ್ಣು ಬಿಟ್ಟ. ಪಕ್ಕದಾಗೆ ಹಸಿ ಬಿದಿರು. ತಲೆ ಹತ್ರ ನಾನು. ಚಟ್ಟ ಕಟ್ಟಾಕೆ ಅಳತೆ ತಗಂತಾ ಅವ್ರೆ ಅಂದ್ಕಂಡ.

"ಯಾವನೋ ನೀನು? ಯಾರು ಕಳಿಸಿದ್ರು? ನನ್ನ ತಮ್ಮ ಕಳಿಸಿದ್ನಾ?"

"ಇಲ್ಲ ಯಜಮಾನ್ರೇ, ನಮ್ಮ ಸಾವ್ಕಾರ್ರು. ನಿಮ್ಮಂಥೋರು ಒಬ್ರು ಬೇಕಾಗಿದ್ರು."

ಅಷ್ಟು ಹೇಳಿದ್ದೇ ತಪ್ಪಾತು. ಅದೇ ಗಳ ಕಿತ್ಕಂಡು ಬಸ್ ಸ್ಟ್ಯಾಂಡು ಸುತ್ತ ಅಟ್ಟಿಸ್ಕಂಡು ಬಂದ. ಅರವತ್ತು ದಾಟಿದ್ದ ಮುದುಕ, ಏನ್ ಓಟ ಅಂತೀರಿ. ಬೆನ್ನಿಗೆ ಏಟು ಬಿದ್ರೂ ನಾನು ಅವನ ಕಾಲೇ ನೋಡ್ತಿದ್ದೆ. ವಯಸ್ಸು ಇಪ್ಪತ್ತು ವರ್ಷ ಕಮ್ಮಿ ಇದ್ದಿದ್ರೆ ಅಲ್ಲೇ ಸಂಬಳ ಮಾತಾಡ್ತಿದ್ದೆ.

ಮಾರನೇ ದಿನ ಗಳ ಬಿಟ್ಟು, ಅಷ್ಟೇ ಉದ್ದದ ನೂಲು ಜೇಬಿನಾಗೆ ಇಟ್ಕಂಡೆ. ಆಮೇಲೆ ಹೋದ ಊರಾಗೆಲ್ಲ ದರ್ಜಿ ಬಂದ ಅಂತ ಹೆಂಗಸರು ರವಿಕೆ ಬಟ್ಟೆ ತಂದು ಕೊಟ್ರು.

೨. ಒಳಗೆ ಜಾಗ ಐತೆ

ಹೊಸದುರ್ಗದ ಬಸ್ಸಿನಾಗೆ ಒಬ್ಬ ಕಂಡಕ್ಟ್ರು ಸಿಕ್ಕಿದ. ಆರು ಅಡಿ ನಾಕು ಇಂಚು. ರಜ ಹಾಕ್ಸಿ ಕರ್ಕಂಡು ಬಂದೆ.

ಆತ ಮೈದಾನದಾಗೆ ನಿಂತ ಮೇಲೆ ಗೊತ್ತಾತು. ಹನ್ನೆರಡು ವರ್ಷ ಗಿಡ್ಡನೆ ಬಸ್ಸಿನಾಗೆ ಕತ್ತು ಬಗ್ಗಿಸಿ ನಿಂತೂ ನಿಂತೂ ಅವನ ಕತ್ತು ಹಂಗೇ ಕುಂತ್ಬಿಟ್ಟಿತ್ತು. ಬಳೆ ಐತಲ್ಲ, ಬಾಲ್ ಹಾಕೋ ಕಬ್ಬಿಣದ ಬಳೆ, ಅದು ಅವನ ಕಣ್ಣಿಗೇ ಬೀಳ್ತಿರಲಿಲ್ಲ. ಎದುರಿನೋರ ಕಾಲು ನೋಡಿ ಯಾರು ಅಂತ ಹೇಳ್ತಿದ್ದ.

ಆದ್ರೂ ಹೊಸದುರ್ಗದೋರ ಮೇಲೆ ಇಳಿಸಿದ್ವಿ. ಆಟ ಆಡಿಸೋರು ಒಂದು ಸೀಟಿ ಹೊಡೆದ್ರೆ ನಿಲ್ಲೋನು, ಎರಡು ಸೀಟಿ ಹೊಡೆದ್ರೆ ಹೊಂಟುಬಿಡೋನು. ಬಸ್ಸಿನ ಅಭ್ಯಾಸ. ಅದನ್ನೂ ತಡ್ಕಂಡ್ವಿ. ಕೊನೆಗೆ ಹೊಸದುರ್ಗದ ನಾಕು ಜನ ಬಾಲ್ ತಗಂಡು ಒಟ್ಟಿಗೆ ಮೇಲೆ ಬಿದ್ರು. ಇವನು ಅಡ್ಡ ನಿಲ್ಲಬೇಕು. ಇಷ್ಟು ಜನ ಒಂದೇ ಕಡೆ ನುಗ್ಗಿದ್ದು ನೋಡಿ ಪಕ್ಕಕ್ಕೆ ಸರಿದು, ಕೈ ತೋರಿಸಿ, "ಮುಂದಕ್ ಹೋಗ್ರಿ, ಮುಂದಕ್ ಹೋಗ್ರಿ, ಒಳಗೆ ಜಾಗ ಐತೆ" ಅಂದ.

ಹೋದ್ರು. ಬಾಲ್ ಹಾಕಿ ಬಂದ್ರು.

ಸಾವ್ಕಾರ್ರು ನನ್ನ ಕಡೆ ತಿರುಗಿ, "ಟಿಕೀಟಾದ್ರೂ ಕೊಟ್ನೇನೋ ಕೇಳು" ಅಂದ್ರು.

೩. ಕೆಮ್ಮಿದ ಮರ

ಆ ವರ್ಷದ ಕಪ್ಪಿಗೆ ಎರಡು ತಿಂಗಳು ಉಳಿದಿತ್ತು. ನನ್ನ ಸೈಕಲ್ಲು ಹೋದಂಗೇ ಅಂದ್ಕಂಡು ಮತ್ತೋಡು ಕಡೆ ಕಾಲೆಳಕಂಡು ಹೋಗ್ತಿದ್ದೆ. ಬಿಸಿಲು ಇಳೀತಿತ್ತು. ಹೊಲದ ಬದುವಿನಾಗೆ ಎರಡು ಜಾಲಿ ಮರ. ಒಂದು ಮರ ಕೆಮ್ತು.

ನಾನು ನಿಂತೆ. ಕೆಮ್ಮಿದ ಮರ ಕೈ ಎತ್ತಿ, ಇನ್ನೊಂದು ಮರದ ಕೊಂಬೆ ಹಿಡಿದು ಬಗ್ಗಿಸ್ತು. ಕುರಿಗಳು ಬಂದು ಎಲೆಗೆ ಬಾಯಿ ಹಾಕಿದ್ವು. ನಮ್ಮ ಕಡೆ ಕುರಿಯೋರು ದೋಟಿ ಹಿಡಿದು ಕೊಂಬೆ ಎಳೀತಾರೆ, ಹತ್ತು ಅಡಿ ಕೋಲಿನ ತುದಿಗೆ ಕೊಕ್ಕೆ. ಈ ಮನುಷ್ಯನ ಕೈಯಾಗೆ ದೋಟಿನೇ ಇರಲಿಲ್ಲ.

ಜೋಗಿಮಟ್ಟಿ ಗುಡ್ಡ ನೋಡೀನಿ, ಕೋಟೆ ಬಾಗಿಲು ನೋಡೀನಿ, ಅವುನ್ನೆಲ್ಲ ನೋಡಿದಾಗ ಸುಮ್ನೆ ನಡ್ಕಂಡು ಹೋಗೋನು ನಾನು. ಅವತ್ತು ತಲೆಗೆ ಸುತ್ತಿದ್ದ ವಲ್ಲಿ ನನ್ನ ಕೈಗೆ ತಾನೇ ಬಂತು. ದೇವರ ಮುಂದೆನೂ ಅದನ್ನ ತೆಗೆಯೋನಲ್ಲ.

ಹತ್ರ ಹೋದ್ರೆ ಹೆಗಲ ಮೇಲೆ ಆ ಕಡೆ ಒಂದು ಮರಿ, ಈ ಕಡೆ ಒಂದು ಮರಿ. ಇಪ್ಪತ್ತೈದು ವಯಸ್ಸಿರಬೇಕು. ಮೆತ್ತಗಿನ ದನಿ.

"ಯಾರಣ್ಣ? ದಾರಿ ತಪ್ತಾ?"

"ದಾರಿ ಸಿಕ್ತು ಕಣಪ್ಪ. ಒಂಚೂರು ಅಳತೆ ತಗಳ್ಲಾ?"

"ತಗಳಣ್ಣ."

ಕಾಲು ಹತ್ರ ನೂಲು ಇಟ್ಟು ಮೇಲಕ್ಕೆ ಹಿಡಿದೆ. ನೂಲು ಮುಗೀತು, ಮನುಷ್ಯ ಮುಗೀಲಿಲ್ಲ. ಗೇಣು ಹಾಕಬೇಕು ಅಂದ್ರೆ ನನ್ನ ಕೈ ಮುಟ್ಟಲಿಲ್ಲ. ಅವನೇ ನೂಲು ತಗಂಡು ತಲೆಗೆ ಒಂದು ಗೇಣು ಹಾಕಿ ತೋರಿಸಿದ. ಅವನ ಗೇಣು ಅಂದ್ರೆ ನನ್ನ ಮೊಣಕೈ ತನಕ.

"ಬಾಲ್ ಆಡಾಕೆ ಬರ್ತೀಯಾ? ಸಂಬಳ ಕೊಡ್ತಾರೆ" ಅಂದೆ.

"ತಡಿಯಣ್ಣ, ಈ ಮರಿ ನಮ್ದಲ್ಲ, ಅತ್ಲಾಗಿನ ಮಂದೇದು. ಕಾಲು ಉಳುಕೈತೆ. ಕೊಟ್ಟು ಬಂದು ಮಾತಾಡ್ತೀನಿ" ಅಂತ ಹೊಂಟ. ಎರಡು ಮೈಲಿ ಅತ್ಲಾಗೆ ಹೋಗಿ ಬಂದ. ನಾನು ಒಂದು ಬೀಡಿ ಸೇದಿ ಮುಗಿಸಿರಲಿಲ್ಲ.

೪. ಎಂಬತ್ತು ಜನ

ಅವನದು ಒಂದೇ ಕರಾರು. ಕುರಿ ಬಿಟ್ಟು ಬರಲ್ಲ. "ನಾನಿಲ್ದಿದ್ರೆ ಅವು ಎಲೆ ಹೆಂಗೆ ತಿಂತಾವಣ್ಣ?" ಅಂದ. ನಾನು ಹೂಂ ಅಂದೆ. ಮೂರು ದಿನ ನಡೆದು ಎಂಬತ್ತು ಕುರಿ ಸಮೇತ ದುರ್ಗಕ್ಕೆ ಬಂದ್ವಿ. ಮದಕರಿಪುರದ ಹತ್ರ ಹೊಲದಾಗಿದ್ದ ಜನ ಕೆಲಸ ಬಿಟ್ಟು ರಸ್ತೆಗೆ ಬಂದು ನಿಂತ್ರು. ನಾನು ಅವನ ಪಕ್ಕದಾಗೆ ಎದೆ ಉಬ್ಬಿಸ್ಕಂಡು ನಡೆದೆ, ನಾನೇ ಹೆತ್ತಂಗೆ.

ಸಾವ್ಕಾರ್ರು ಮೇಲೆ ನೋಡಿದ್ರು, ಕೆಳಗೆ ನೋಡಿದ್ರು. "ಇವನಿಗೆ ಬಾಗಿಲು ಬೇರೆ ಹೊಡೆಸಬೇಕು" ಅಂದ್ರು, ಅಷ್ಟೇ.

ಆಟ ಕಲಿಸೋ ಡ್ರಿಲ್ ಮಾಸ್ತರು ಬಾಲನ್ನ ನೆಲಕ್ಕೆ ಬಡೀತಾ ಓಡೋದು ತೋರಿಸಿದ್ರು. ಇವನು ನೋಡ್ತಾ ನಿಂತ.

"ಯಾಕ್ ಸಾ ಬಡಿಯೋದು? ಅದೇನ್ ಮಾಡೈತೆ?"

"ಬಡೀಲೇಬೇಕು ಕಣಯ್ಯ. ಕಂಕುಳಾಗೆ ಇಟ್ಕಂಡು ಓಡಂಗಿಲ್ಲ."

"ಹಂಗಾರೆ ನಾನು ಓಡಲ್ಲ. ಇಲ್ಲೇ ನಿಂತಿರ್ತೀನಿ. ಬಾಲು ಇಲ್ಲಿಗೆ ಕೊಡ್ರಿ."

ಕೊಟ್ವಿ. ಅವನು ಹಾರಲಿಲ್ಲ, ನೆಗೀಲಿಲ್ಲ. ತುದಿಗಾಲಿನ ಮೇಲೆ ನಿಂತು, ನೆಲುವಿನ ಮೇಲೆ ಮೊಸರು ಗಡಿಗೆ ಇಟ್ಟಂಗೆ ಬಾಲನ್ನ ಬಳೆಯೊಳಗೆ ಇಟ್ಟ. ಮಾಸ್ತರು ಸೀಟಿ ಕಚ್ಕಂಡು ನಿಂತ್ಬಿಟ್ರು. ಇಡೀ ಗಿರಣಿ ಕೆಲಸ ನಿಲ್ಲಿಸಿ ನೋಡ್ತು. ಇಡೀ ಗಿರಣಿ ನೋಡ್ತಾ ಇದ್ದಾಗ ಎಂಬತ್ತು ಕುರಿನೂ ಹಿಂದಿನ ಗೋದಾಮಿಗೆ ನುಗ್ಗಿ ಎರಡು ಗಾಡಿ ಹತ್ತಿ ಬೀಜ ಮೇಯ್ದುಬಿಟ್ವು.

ಸಾವ್ಕಾರ್ರು ಖಾಲಿ ಗೋದಾಮು ನೋಡಿ ಬಂದು ಹೇಳಿದ್ರು: "ಐದು ಜನದ ತಂಡ ಅಂದಿದ್ದೆ ಕಣೋ ಮೇಸ್ತ್ರಿ. ನೀನು ಎಂಬತ್ತೈದು ಜನಕ್ಕೆ ಊಟ ಹಾಕಿಸ್ದೆ."

೫. ಕಪ್ಪು

ಕಪ್ಪಿನ ಆಟ ಹೊಳಲ್ಕೆರೆ ಮೈದಾನದಾಗೆ. ಎದುರಿಗೆ ಹಿರಿಯೂರು. ನಮ್ಮೋನು ಮೈದಾನಕ್ಕೆ ಕಾಲಿಟ್ಟಾಗ ಅಷ್ಟು ಜನ ಸೇರಿದ್ರೂ ಕಡ್ಲೆಕಾಯಿ ಸುಲಿಯೋ ಸದ್ದು ನಿಂತೋತು. ಹಿರಿಯೂರಿನ ಮೇಸ್ತ್ರಿ ಮುಖ ನೋಡಬೇಕಿತ್ತು ನೀವು. ನಾನು ಹತ್ರ ಹೋಗಿ, "ನಮ್ಮೂರ ಕಲ್ಲು ಒಂದು ಎದ್ದು ಬಂದೈತೆ, ನೋಡು" ಅಂದೆ. ಅವನು ಹೋಟ್ಲು ಭಟ್ರ ಕಡೆ ತಿರುಗಿ ನೋಡಿದ. ನಾನೂ ನೋಡಿದೆ. ಭಟ್ರ ಜೇಬಿನಾಗೆ ನನ್ನ ಸೈಕಲ್ಲಿನ ಗಂಟೆ ಹೊಡೆದಂಗೆ ಕೇಳಿಸ್ತು.

ಒಂದು ವಿಷಯ ಒಪ್ಕಂತೀನಿ, ಹಿರಿಯೂರಿನೋರು ಗಟ್ಟಿಗರು. ಇವನು ಒಂದು ಇಟ್ರೆ ಅವರು ದೂರದಿಂದ ಒಂದು ಹಾಕೋರು. ಹಂಗೇ ನಡೀತು. ಕೊನೆಗೆ ಒಂದು ನಿಮಿಷನೂ ಉಳಿದಿರಲಿಲ್ಲ, ನಾವು ಒಂದು ಪಾಯಿಂಟು ಮುಂದೆ.

ಹಿರಿಯೂರಿನ ತಂಡದಾಗೆ ಒಬ್ಬ ಕುಳ್ಳ ಇದ್ದ, ಅವರ ಗಿರಣಿ ಗುಮಾಸ್ತ. ಐದು ಅಡಿ ಇದ್ರೆ ಹೆಚ್ಚು. ಬಾಲ್ ತಗಂಡು ನಮ್ಮೋನ ಕಾಲ ಸಂದಿನಾಗೇ ನುಗ್ಗಾಕೆ ಹೋಗಿ, ಬಳೆ ಕೆಳಗೇ ಕಾಲು ಉಳುಕಿ ಕುಸಿದ. ಬಾಲನ್ನ ಹೊಟ್ಟೆಗೆ ಅವುಚ್ಕಂಡು "ಅಯ್ಯಪ್ಪಾ" ಅಂದ.

ನಮ್ಮೋನು ಬಗ್ಗಿ ನೋಡಿದ.

"ಬಾಲ್ ಕಿತ್ಕಳಲೇ" ಅಂತ ನಾನು ಕೂಗಿದೆ. ಸಾವ್ಕಾರ್ರು ಕೂಗಿದ್ರು. ದುರ್ಗದಿಂದ ಬಂದಿದ್ದ ಎರಡು ಲಾರಿ ಜನ ಕೂಗಿದ್ರು.

ಅವನ ಕಿವಿ ಅಷ್ಟು ಮೇಲಿತ್ತಲ್ಲ, ಕೇಳಿಸ್ತೋ ಇಲ್ಲೋ. ಎರಡು ಕೈನಾಗೂ ಗುಮಾಸ್ತನ್ನ ಎತ್ತಿದ. ಎತ್ತಿ, ಮರಿ ಕೂರಿಸ್ಕಂಡಂಗೆ ಹೆಗಲ ಮೇಲೆ ಕೂರಿಸ್ಕಂಡ. ಹಿರಿಯೂರಿನೋರು ಕುಂತಿದ್ದ ಬೆಂಚು ಎಲ್ಲೈತೆ ಅಂತ ಹುಡುಕ್ತಾ, ನಿಂತಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿದ.

ಗುಮಾಸ್ತ ಕಣ್ಣು ಬಿಟ್ಟ. ಜನ್ಮದಾಗೆ ಅಷ್ಟು ಮೇಲೆ ಹೋದೋನಲ್ಲ. ಮೂಗಿನ ಕೆಳಗೇ ಬಳೆ. ಮೇಲಿಂದ ಇಣುಕಿ ನೋಡಿದ, ಬಾವಿ ನೋಡ್ದಂಗೆ. ಆಮೇಲೆ ಬಾಲ್ ಬಿಟ್ಟ.

ಆಟ ಆಡಿಸೋರ ಸೀಟಿ ಬಾಯಾಗೇ ಇತ್ತು, ಊದೋದು ಮರ್ತಿದ್ರು. ನಾವೆಲ್ಲ ಮೇಲೆ ಬಿದ್ವಿ. "ಇದು ಲೆಕ್ಕಕ್ಕಿಲ್ಲ, ಇದು ಲೆಕ್ಕಕ್ಕಿಲ್ಲ." ಆಟ ಆಡಿಸೋರು ರೂಲ್ಸ್ ಪುಸ್ತಕ ತರಿಸಿದ್ರು, ಕನ್ನಡಕ ತರಿಸಿದ್ರು, ಒಂದೊಂದೇ ಹಾಳೆ ತಿರುವಿದ್ರು. ಕೊನೆಗೆ ಹೇಳಿದ್ರು:

"ಎದುರಿನೋನ್ನ ಹೆಗಲ ಮೇಲೆ ಕೂರಿಸ್ಕಳಂಗಿಲ್ಲ ಅಂತ ಇದರಾಗೆ ಎಲ್ಲೂ ಬರೆದಿಲ್ಲ. ಕೈನಾಗೆ ಹಿಡಿಯಂಗಿಲ್ಲ ಅಂತ ಬರೆದೈತೆ. ಹಿಡಿದಿದ್ದು ನಿಮ್ಮೋನು, ತಪ್ಪು ನಿಮ್ದು. ಬಾಲ್ ಬಿದ್ದಿದ್ದು ಬಿತ್ತು. ಎರಡು ಪಾಯಿಂಟು ಹಿರಿಯೂರಿಗೆ."

ಅಷ್ಟೊತ್ತಿಗೆ ಆಟದ ಹೊತ್ತೂ ಮುಗಿದಿತ್ತು, ಒಂದು ಪಾಯಿಂಟಿನಾಗೆ ಕಪ್ಪು ಹೋತು. ಹಿರಿಯೂರಿನೋರು ಗುಮಾಸ್ತನ್ನ ಹೊತ್ತು ಮೆರೆಸಬೇಕು ಅಂತ ಓಡಿ ಬಂದ್ರು. ಅವನು ಇಳಿಯಾಕೆ ಒಪ್ಪಲಿಲ್ಲ. ಇಲ್ಲೇ ಚೆನ್ನಾಗೈತೆ ಅಂದ. ಕೊನೆಗೆ ಅವರ ಕಪ್ಪು, ಅವರ ಗುಮಾಸ್ತ, ಎರಡನ್ನೂ ನಮ್ಮೋನೇ ಹೊತ್ಕಂಡು ಹೊಳಲ್ಕೆರೆ ಪೇಟೆ ಪೂರ್ತಿ ಮೆರವಣಿಗೆ ಮಾಡಿಸಿದ.

ಬಾಯಿಗೆ ಬಂದಂಗೆ ಬೈಬೇಕು ಅಂತ ಕಾಯ್ತಾ ನಿಂತಿದ್ದೆ. ಬಂದ. ಬೈಯಾಕೆ ಕತ್ತೆತ್ತಿದೆ, ಮುಖ ಸಿಗೋ ಹೊತ್ತಿಗೆ ಅರ್ಧ ಸಿಟ್ಟು ಇಳಿದಿತ್ತು.

"ಯಾಕ್ಲೇ ಎತ್ತಿದೆ ಅವನ್ನ? ಅವನು ಹಿರಿಯೂರಿನೋನು ಕಣೋ."

"ಕಾಲು ಉಳುಕಿತ್ತಣ್ಣ" ಅಂದ. "ಯಾರ ಮಂದೇದು ಅಂತ ಆಮೇಲೆ ಕೇಳಾಣ ಅಂತಿದ್ದೆ."

ಅಂಥ ಮನುಷ್ಯನ್ನ ಆಮೇಲೆ ನಾನು ನೋಡಿಲ್ಲ. ಉದ್ದದ ಮಾತಲ್ಲ ನಾನು ಹೇಳ್ತಿರೋದು.

ಅವನು ಹೆಗಲು ಉಜ್ಕಂತಾ, "ಗುಮಾಸ್ತ ಭಾರ ಇದ್ದ ಅಣ್ಣ, ಬಾಯಾರೈತೆ" ಅಂದ. ಗೋಲಿ ಸೋಡಾ ಕೊಡಿಸ್ದೆ. ಒಂದು ಅವನ ಗಂಟಲಿಗೆ ತಾಕಲೇ ಇಲ್ಲ, ಇನ್ನೊಂದು ಕೊಡಿಸ್ದೆ. ಇವತ್ತಿಗೂ ನಾನು ನಡ್ಕಂಡೇ ಓಡಾಡೋದು. ಬಾಜಿದು, ಸೋಡಾದು, ಎಲ್ಲ ಸೇರಿ ಅವತ್ತು ನಾನು ಕಳ್ಕಂಡಿದ್ದು ಇನ್ನೂರ ಮೂವತ್ತು ರೂಪಾಯಿ ಎಂಟಾಣೆ.