‘ಮುಂದುವರಿಸಬೇಕೆ?’ ಎಂಬ ಪ್ರಶ್ನೆಯ ಕಡತ

ಮಂಚೇನಹಳ್ಳಿಯ ಧಾನ್ಯ ತೇವಾಂಶ ದೃಢೀಕರಣ ಉಪಕಚೇರಿಯ ಏಕೈಕ ಕಂಪ್ಯೂಟರು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸರ್ಕಾರಕ್ಕೆ ಒಂದು ಪ್ರಶ್ನೆ ಕೇಳಿತು. ಆ ಹೊತ್ತಿನಲ್ಲಿ ಸರ್ಕಾರದ ಪರವಾಗಿ ಅದರ ಎದುರು ಕೂತಿದ್ದವನು ದ್ವಿತೀಯ ದರ್ಜೆ ಸಹಾಯಕ ಗಣೇಶ್ ಪ್ರಸಾದ್.

ಕಂಪ್ಯೂಟರಿಗೆ ಹದಿನಾರು ವರ್ಷ. ಅದರೊಳಗಿನ ಲಿನಕ್ಸ್ ತಂತ್ರಾಂಶಕ್ಕೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಹೊಸ ಆವೃತ್ತಿಗೆ ಎಲ್ಲ ಕಚೇರಿಗಳೂ ಉನ್ನತೀಕರಿಸಿಕೊಳ್ಳತಕ್ಕದ್ದೆಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಉನ್ನತೀಕರಣವಾಗದ ಯಂತ್ರದ ಉಸ್ತುವಾರಿ ನೌಕರನನ್ನು ಯಾವ ಕಾರಣಕ್ಕೂ ಕರ್ತವ್ಯದಿಂದ ಬಿಡುಗಡೆ ಮಾಡತಕ್ಕದ್ದಲ್ಲ ಎಂದೂ ಅದರಲ್ಲಿತ್ತು. ಗಣೇಶ್ ಪ್ರಸಾದನಿಗೆ ಬೇಕಾಗಿದ್ದದ್ದು ಆ ಬಿಡುಗಡೆಯೊಂದೇ. ಹೆಂಡತಿ ಮಹತಿ ಚಿಂತಾಮಣಿಯಲ್ಲಿ ಗಣಿತದ ಟೀಚರು. ಮದುವೆಯಾಗಿ ಆರು ವರ್ಷದಲ್ಲಿ ಅವನು ಶನಿವಾರ ಸಂಜೆಯ ಬಸ್ಸಿಗೆ ಗಂಡನಾಗಿ ಹೋಗಿ, ಸೋಮವಾರ ಬೆಳಗಿನ ಬಸ್ಸಿಗೆ ಗುಮಾಸ್ತನಾಗಿ ಬರುತ್ತಿದ್ದ. ಕೊನೆಗೂ ಪತಿ-ಪತ್ನಿ ಪ್ರಕರಣದಡಿ ಚಿಂತಾಮಣಿಗೆ ವರ್ಗವಾಗಿತ್ತು. ಮೂವತ್ತು ದಿನದೊಳಗೆ ಹಾಜರಾಗದಿದ್ದರೆ ಆದೇಶ ರದ್ದು. ಮಹತಿ ಆಗಲೇ ದೊಡ್ಡ ಕುಕ್ಕರು ಕೊಂಡು ತಂದಿದ್ದಳು.

ಹಾಗಾಗಿ ಅವನು ಉತ್ಸಾಹದಿಂದಲೇ ಕೆಲಸ ಶುರು ಮಾಡಿದ. ಕಚೇರಿಯ ಇಂಟರ್ನೆಟ್ಟಿನಲ್ಲಿ ಫೈಲುಗಳು ಇಳಿಯಲು ನಾಲ್ಕು ದಿನ ಹಿಡಿಯಿತು. ಯಂತ್ರದ ಫ್ಯಾನು ಹಿಟ್ಟಿನ ಗಿರಣಿಯಂತೆ ಮೊರೆಯಿತು. ಐದನೆಯ ದಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಹೀಗೆ ಮೂಡಿತು: ತಂತ್ರಾಂಶದ ಇನ್ನೂರ ಹದಿನಾಲ್ಕು ಪ್ಯಾಕೇಜುಗಳು ಬದಲಾಗುತ್ತವೆ, ಮೂವತ್ತೊಂದನ್ನು ತೆಗೆದುಹಾಕಲಾಗುತ್ತದೆ, ಮುಂದುವರಿಸಬೇಕೆ? ಹೌದಾದರೆ ವೈ, ಇಲ್ಲವಾದರೆ ಎನ್.

ಬೇರೆ ಯಾರಾದರೂ ಆಗಿದ್ದರೆ ವೈ ಒತ್ತಿ ಕಾಫಿಗೆ ಹೋಗುತ್ತಿದ್ದರು. ಆದರೆ ಗಣೇಶ್ ಪ್ರಸಾದನದು ಮೂರು ತಲೆಮಾರಿನ ಗುಮಾಸ್ತರ ಮನೆ. ಕೆಲಸಕ್ಕೆ ಸೇರಿದ ದಿನ ಅವನ ತಂದೆ, ನಿವೃತ್ತ ಶಿರಸ್ತೇದಾರ್ ಅನಂತರಾಮಯ್ಯನವರು, ಒಂದೇ ಒಂದು ಮಾತು ಹೇಳಿದ್ದರು: “ಪ್ರಶ್ನೆಗೆ ಉತ್ತರ ಕೊಡೋನು ಗುಮಾಸ್ತ ಅಲ್ಲ ಕಣಪ್ಪ, ಅದನ್ನ ಮೇಲಕ್ಕೆ ಕಳಿಸೋನು ಗುಮಾಸ್ತ.” ಅವನು ಹೊಸ ಕಡತ ತೆರೆದು, ಯಂತ್ರ ಕೇಳಿದ್ದನ್ನು ಅಕ್ಷರಶಃ ನಕಲು ಮಾಡಿ, ಅವಗಾಹನೆಗೂ ಆದೇಶಕ್ಕೂ ಸಲ್ಲಿಸಿದ.

ಅಧೀಕ್ಷಕ ವೆಂಕಟರಾಯಪ್ಪನವರು ಕನ್ನಡಕ ಒರೆಸಿಕೊಂಡು ಪರದೆಯನ್ನು ಮೂರು ಸಲ ಓದಿದರು.

“ವೈ ಒತ್ತಿದ್ರೆ ಮೂವತ್ತೊಂದು ಐಟಂ ಹೋಗ್ತವಲ್ಲಪ್ಪ. ಆಡಿಟ್‌ನೋರು ಬಂದು ಎಲ್ಲಿ ಅಂದ್ರೆ ಏನ್ ಹೇಳಣ?”

“ಎನ್ ಒತ್ತಿಬಿಡಲಾ ಸಾರ್?”

“ಸರ್ಕಾರ ಮುಂದುವರಿಸು ಅಂದಿರೋದಕ್ಕೆ ಬೇಡ ಅನ್ನೋಕೆ ನೀನ್ಯಾರು, ನಾನ್ಯಾರು?”

ಹೀಗೆ ಎರಡೂ ಕೀಲಿಗಳು ಕಚೇರಿಯ ಅಧಿಕಾರವ್ಯಾಪ್ತಿಯ ಹೊರಗಿವೆ ಎಂದು ತೀರ್ಮಾನವಾಯಿತು. ಆದೇಶ ಬರುವ ಮುನ್ನ ಯಾರ ಕೈಯಾದರೂ ತಗುಲಿಬಿಟ್ಟರೆ ಎಂದು ಕೀಬೋರ್ಡಿನ ಮೇಲೆ ಕಾಫಿ ಟ್ರೇ ಬೋರಲು ಹಾಕಿ, ದಾರ ಸುತ್ತಿ, ಅರಗಿನ ಮುದ್ರೆ ಒತ್ತಲಾಯಿತು.

ಗೌರಿಬಿದನೂರಿನಿಂದ ತಂತ್ರಜ್ಞ ಮೋಹನ್‌ಬಾಬುವನ್ನು ಕರೆಸಿದರು. ಇಂಥದ್ದನ್ನು ತಾನು ದಿನಕ್ಕೆ ನಲವತ್ತು ಸಲ ಒತ್ತುತ್ತೇನೆ, ಒತ್ತಿ ಮನೆಗೆ ಹೋಗಿ ಎಂದು ಅವನು ನಕ್ಕ. ಅದನ್ನೇ ಬರೆದುಕೊಡಿ ಎಂದಾಗ ನಗು ನಿಲ್ಲಿಸಿದ. ತನ್ನ ಗುತ್ತಿಗೆಯಲ್ಲಿ ರಿಪೇರಿ ಇದೆ, ಒಪ್ಪಿಗೆ ಇಲ್ಲ ಎಂದು ಹೇಳಿ, ಟೀ ಕುಡಿದು ಹೊರಟುಹೋದ.

ಕಡತ ಚಿಕ್ಕಬಳ್ಳಾಪುರದ ಮೇಲಿನ ಕಚೇರಿಗೆ ಹೋಯಿತು. ತೆಗೆದುಹಾಕುವ ಮೂವತ್ತೊಂದು ವಸ್ತುಗಳನ್ನು ನಿರುಪಯುಕ್ತವೆಂದು ಘೋಷಿಸಲಾಗಿದೆಯೇ, ಹರಾಜು ಪ್ರಕಟಣೆ ಹೊರಡಿಸಲಾಗಿದೆಯೇ ಎಂದು ಅಲ್ಲಿಂದ ವಿಚಾರಣೆ ಬಂತು. ಪ್ರಕಟಣೆ ಹೊರಡಿಸಿದರು. ಇಬ್ಬರು ಗುಜರಿಯವರು ಲಗೇಜ್ ಆಟೋ ತಂದು, ಕಂಪ್ಯೂಟರಿನ ಸುತ್ತ ಒಂದು ಸುತ್ತು ಬಂದು, ಸಾಮಾನು ಎಲ್ಲಿ ಎಂದು ಕೇಳಿದರು. ಒಳಗಿದೆ ಎಂದು ವೆಂಕಟರಾಯಪ್ಪನವರು ಹೇಳಿದರು. ಒಳಗಿರುವುದನ್ನು ಎತ್ತಲು ಕೂಲಿ ಜಾಸ್ತಿಯಾಗುತ್ತದೆಂದು ಅವರು ಹಿಂದಿರುಗಿದರು. ಹರಾಜಿಗೆ ಯಾರೂ ಮುಂದೆ ಬಂದಿಲ್ಲವೆಂದು ಕಡತದಲ್ಲಿ ದಾಖಲಾಯಿತು.

ಈ ನಡುವೆ ಅವರೆಕಾಳಿನ ತೇವಾಂಶದ ಪತ್ರಕ್ಕೆ ಬಂದಿದ್ದ ರೈತ ಮುನಿಶಾಮಪ್ಪನವರಿಗೆ ಯಂತ್ರ ಉತ್ತರದ ನಿರೀಕ್ಷೆಯಲ್ಲಿದೆ ಎಂದು ತಿಳಿಸಲಾಗಿತ್ತು. ಅರ್ಜಿ ಕೊಟ್ಟ ದಿನದ ತೇವವನ್ನು ಅರ್ಜಿದಾರರೇ ಕಾಪಾಡಿಕೊಳ್ಳತಕ್ಕದ್ದು ಎಂಬ ನಿಯಮವನ್ನೂ ಓದಿ ಹೇಳಿದರು. ಅವರು ನಿಯಮಕ್ಕೆ ತಲೆಬಾಗುವ ಮನುಷ್ಯ. ದಿನಾ ಬೆಳಿಗ್ಗೆ ಕಾಳಿಗೆ ನೀರು ಚಿಮುಕಿಸಿದರು. ವಾರ ಬಿಟ್ಟು ಚೀಲ ಬಿಚ್ಚಿದಾಗ ಎಲ್ಲ ಮೊಳಕೆ. ಮೊಳಕೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಗಣೇಶ್ ಪ್ರಸಾದ್ ಹಿಂಬರಹ ಕೊಟ್ಟ. ಮುನಿಶಾಮಪ್ಪನವರು ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟುಕೊಂಡರು.

ಇಪ್ಪತ್ತೊಂಬತ್ತನೆಯ ದಿನ ಅನುಮೋದನೆ ಬಂತು. “ಸದರಿ ಪ್ರಶ್ನೆಗೆ ‘ಹೌದು’ ಎಂದು ಉತ್ತರಿಸಲು ಅನುಮತಿಸಿದೆ. ಆಡಳಿತ ಭಾಷೆ ಕನ್ನಡವಾದ್ದರಿಂದ ಉತ್ತರವು ಕಡ್ಡಾಯವಾಗಿ ಕನ್ನಡದಲ್ಲೇ ಇರತಕ್ಕದ್ದು.” ಮರುದಿನ, ಅಂದರೆ ಮೂವತ್ತನೆಯ ದಿನ, ತೆಂಗಿನಕಾಯಿ ಒಡೆದು ಅರಗು ಬಿಚ್ಚಿದರು. ಗಣೇಶ್ ಪ್ರಸಾದ್ ‘ಹೌದು’ ಎಂದು ಟೈಪು ಮಾಡಿದ. ಪರದೆಯ ಮೇಲೆ ನಾಲ್ಕು ಖಾಲಿ ಚೌಕಗಳು ಮೂಡಿದವು. ವೈ ಅಲ್ಲದ್ದೆಲ್ಲ ಎನ್ ಎಂದೇ ತಿಳಿಯುವ ಆ ಯಂತ್ರ, ಕೆಲಸ ಕೈಬಿಟ್ಟಿದ್ದೇನೆ ಎಂದು ಒಂದು ಸಾಲು ತೋರಿಸಿ ಸುಮ್ಮನಾಯಿತು. ಚೌಕಗಳ ಫೋಟೋ ತೆಗೆದು, ಪ್ರಗತಿ ವರದಿಯಲ್ಲಿ ‘ಶೇಕಡಾ ನೂರರಷ್ಟು ಉತ್ತರಿಸಲಾಗಿದೆ’ ಎಂದು ಬರೆದು, ವೆಂಕಟರಾಯಪ್ಪನವರು ಪ್ರಸಾದ ಹಂಚಿದರು. ಉನ್ನತೀಕರಣ ಮಾತ್ರ ಆಗಿರಲಿಲ್ಲ. ಆದ್ದರಿಂದ ಬಿಡುಗಡೆಯೂ ಇಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಗಣೇಶ್ ಪ್ರಸಾದ್ ಯಂತ್ರಕ್ಕೆ ಉನ್ನತೀಕರಣದ ಆದೇಶವನ್ನು ಮತ್ತೆ ಕೊಟ್ಟ. ಅದೇ ಪ್ರಶ್ನೆ ಮತ್ತೆ ಬಂತು. ಕೀಬೋರ್ಡು ತೆರೆದಿತ್ತು, ನೋಡುವವರು ಯಾರೂ ಇರಲಿಲ್ಲ. ಬೆರಳು ವೈ ಮೇಲೆ ಹೋಗಿ ನಿಂತಿತು. ಸಂಜೆಯ ಬಸ್ಸು, ದೊಡ್ಡ ಕುಕ್ಕರು, ಮಹತಿಯ ಮುಖ ಎಲ್ಲ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಅವಳದೇ ಫೋನು. ಅವನು ನಡೆದದ್ದನ್ನೆಲ್ಲ ಹೇಳಿದ.

“ಒಂದು ಬೆರಳಿನ ಕೆಲಸ ತಾನೇ ರೀ?”

“ಅನುಮೋದನೆ ಬಂದಿರೋದು ಹಳೇ ಪ್ರಶ್ನೆಗೆ ಕಣೇ. ಇದು ಇವತ್ತಿನ ಪ್ರಶ್ನೆ.”

ಅವಳು ನಿಧಾನವಾಗಿ ಹೇಳಿದಳು: “ಸರಿ, ನಾನೂ ಒಂದು ಕೇಳ್ತೀನಿ. ಈ ಸಂಸಾರ ಮುಂದುವರಿಸಬೇಕಾ, ಬೇಡವಾ? ಹೌದು, ಇಲ್ಲ, ಅಷ್ಟೇ ಹೇಳಿ.”

ಅವಳನ್ನು ಕಂಡರೆ ಅವನಿಗೆ ಪ್ರಾಣ. ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಯಿಂದ ಹೊರಗೆ ಬಂದದ್ದು ಬೇರೆ.

“ಬರಹದಲ್ಲಿ ಕೊಡ್ತೀಯಾ?”

ಅವಳು ಬರಹದಲ್ಲಿ ಕೊಟ್ಟಳು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂದ ಪತ್ರಕ್ಕೆ ಸ್ವೀಕೃತಿ ಸಂಖ್ಯೆ ಬಿತ್ತು. ವಿಷಯ ಖಾಸಗಿಯಾದರೂ ಯಂತ್ರದ ಉಸ್ತುವಾರಿಗೆ ಸಂಬಂಧಪಟ್ಟದ್ದೆಂದು ಭಾವಿಸಿ, ವೆಂಕಟರಾಯಪ್ಪನವರು ಅದನ್ನು ಯಂತ್ರದ ಎರಡನೆಯ ಪ್ರಶ್ನೆಗೆ ತೆರೆದಿದ್ದ ಕಡತದೊಂದಿಗೇ ಚಿಕ್ಕಬಳ್ಳಾಪುರಕ್ಕೆ ಕಳಿಸಿದರು. ವರ್ಗಾವಣೆ ಅಷ್ಟರಲ್ಲಿ ತಾನಾಗಿಯೇ ರದ್ದಾಗಿತ್ತು. ಹದಿನೈದು ದಿನಕ್ಕೆ ಮಹತಿಗೆ ಮುದ್ರೆಯೊತ್ತಿದ ಉತ್ತರ ಬಂತು: “ತಮ್ಮ ಪ್ರಶ್ನೆ ಪರಿಶೀಲನೆಯಲ್ಲಿದೆ. ಅಂತಿಮ ಆದೇಶದವರೆಗೆ ಉಭಯತರೂ ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು.”

ಆ ಶನಿವಾರ ಗಣೇಶ್ ಪ್ರಸಾದ್ ಬಸ್ಸಿಳಿದು ಬಂದಾಗ ಅವಳು ಪತ್ರ ಹಿಡಿದುಕೊಂಡೇ ಬಾಗಿಲು ತೆಗೆದಳು. ಸಿಟ್ಟೇನೂ ಇರಲಿಲ್ಲ. ಅವಳೂ ಸರ್ಕಾರಿ ನೌಕರಳೇ.

“ಯಥಾಸ್ಥಿತಿ ಅಂದ್ರೆ ನೀವು ಒಳಗೆ ಬರಬಹುದು ಅಂತಲೋ, ಹೊರಗೇ ಇರಬೇಕು ಅಂತಲೋ?”

ಅವನು ಹೊಸ್ತಿಲಲ್ಲಿ ನಿಂತು ಪತ್ರವನ್ನು ಎರಡು ಸಲ ಓದಿದ. ಸೋಮವಾರ ಸ್ಪಷ್ಟೀಕರಣ ಕೇಳಿ ಬರೆಯುತ್ತೇನೆ ಎಂದ.

ಮಹತಿ ಒಳಗಿಂದ ಒಂದು ಕುರ್ಚಿ ತಂದು ಹೊರಗೆ ಹಾಕಿದಳು.