ಪಾರಿವಾಳಕ್ಕೆ ಬೈದ ಪಾಪ

ದಿನಕ್ಕೆ ಒಬ್ಬಿಬ್ಬರನ್ನಾದರೂ ಬೈಯದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಬೈಗುಳದ ದಾಸ್ತಾನು ಬೇಕಾದಷ್ಟಿದೆ. ಆಟೋದವರು, ಬೀದಿನಾಯಿ, ಟಿವಿಯಲ್ಲಿ ಕಿರುಚುವವರು, ಯಾರನ್ನೂ ಬಿಟ್ಟವನಲ್ಲ. ಆದರೆ ಪಾರಿವಾಳ ಎದುರಿಗೆ ಬಂದು ಕೂತರೆ ಮಾತ್ರ ನನ್ನ ಬಾಯಿ ಕಟ್ಟಿಹೋಗುತ್ತದೆ. ಶ್ರೀರಾಂಪುರದ ನಮ್ಮ ಮನೆಯ ಬಾಲ್ಕನಿಯಲ್ಲಿ ಈಗ ಎರಡು ಜೋಡಿ ಪಾರಿವಾಳಗಳು ಸಂಸಾರ ಹೂಡಿವೆ. ಹರವಿದ ಬಟ್ಟೆಗಳ ಪೈಕಿ ಅವಕ್ಕೆ ಬಹಳ ಇಷ್ಟವಾದದ್ದು, ನಾನು ಭಾನುವಾರ ಚರ್ಚಿಗೆ ಹಾಕಿಕೊಳ್ಳುವ ಬಿಳಿ ಅಂಗಿ. ಹೆಂಡತಿ ಗ್ರೇಸ್ ಪೊರಕೆ ಕೈಗೆ ಕೊಟ್ಟು, "ಓಡಿಸ್ರೀ ಅವನ್ನ" ಅನ್ನುತ್ತಾಳೆ. ನಾನು ಪೊರಕೆ ಹಿಡಿದು ಹೋಗಿ, ಅವು ಕೂತ ಜಾಗ ಬಿಟ್ಟು ಮಿಕ್ಕದ್ದನ್ನೆಲ್ಲ ಗುಡಿಸಿ ಬರುತ್ತೇನೆ.

ಇದಕ್ಕೆ ಕಾರಣ ನನ್ನ ಹನ್ನೊಂದನೆಯ ವಯಸ್ಸಿನಲ್ಲಿದೆ. ಆಗ ನಮ್ಮ ಚರ್ಚಿನ ಗಂಟೆಗೋಪುರದ ತುಂಬ ಪಾರಿವಾಳಗಳು. ಕ್ರಿಸ್‌ಮಸ್‌ಗೆಂದು ಹೊಲಿಸಿದ ಹೊಸ ಅಂಗಿ ತೊಟ್ಟು ಮೆಟ್ಟಿಲ ಮೇಲೆ ಮೆರೆಯುತ್ತಿದ್ದವನ ಹೆಗಲಿಗೆ ಮೇಲಿನಿಂದ ಪ್ರಸಾದವಾಯಿತು. "ಥೂ ದರಿದ್ರದ್ದೇ, ನಿನ್ನ ವಂಶ ಹಾಳಾಗ!" ಎಂದು ಗೋಪುರ ನೋಡಿಕೊಂಡು ಕೂಗಿದೆ. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ಭಾನುವಾರ ಸಂಡೇ ಸ್ಕೂಲಿನಲ್ಲಿ ಸುಗುಣಮ್ಮ ಟೀಚರ್, ಮನುಷ್ಯರ ಎಲ್ಲ ಪಾಪಕ್ಕೂ ಕ್ಷಮೆಯುಂಟು, ಪವಿತ್ರಾತ್ಮನನ್ನು ದೂಷಿಸುವ ಪಾಪವೊಂದಕ್ಕೆ ಮಾತ್ರ ಇಲ್ಲ ಎಂದು ಪಾಠ ಮಾಡಿದರು. ಅವರ ಹಿಂದಿನ ಗೋಡೆಯ ಮೇಲೆ ಯೇಸುವಿನ ದೀಕ್ಷಾಸ್ನಾನದ ಚಿತ್ರವಿತ್ತು. ಪವಿತ್ರಾತ್ಮನು ಪಾರಿವಾಳದ ರೂಪದಲ್ಲಿ ಇಳಿದು ಬರುತ್ತಿದ್ದಾನೆ! ನಾನು ಆ ಪಾರಿವಾಳವನ್ನು ನೋಡಿದೆ, ಅದು ನನ್ನನ್ನು ನೋಡಿತು. ಅಯ್ಯೋ ದೇವರೇ, ನಾನು ಬೈದದ್ದು ಯಾರನ್ನು?

ಚಿತ್ರದ್ದು ಬಿಳಿಯದು, ನಾನು ಬೈದದ್ದು ಬೂದಿಬಣ್ಣದ್ದು ಎಂದು ಮನಸ್ಸಿನಲ್ಲೇ ವಾದ ಹೂಡಿದೆ. ಧೈರ್ಯ ಬರಲಿಲ್ಲ. ಎರಡು ತಿಂಗಳು ಒಳಗೊಳಗೇ ಬೆಂದೆ. ಹೇಗೂ ನರಕ ಗ್ಯಾರಂಟಿ ಎಂದ ಮೇಲೆ ಸುಮ್ಮನಿರುವುದೇಕೆಂದು ಪಕ್ಕದ ಕಾಂಪೌಂಡಿನ ಸೀಬೇಕಾಯಿಗೂ ಕೈ ಹಾಕಿದೆ. ಕೊನೆಗೆ ತಡೆಯಲಾರದೆ ಒಂದು ದಿನ ಟೀಚರ ಮುಂದೆ ಗೊಳೋ ಎಂದು ಅತ್ತು ಎಲ್ಲ ಹೇಳಿದೆ. ಅವರು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ನಗು ತಡೆದದ್ದೆಂದು ಆಗ ತಿಳಿಯಲಿಲ್ಲ. ಆಮೇಲೆ ತಲೆ ಸವರಿ, "ಲೋ ಪ್ರಸನ್ನ, ಆ ಪಾಪ ಮಾಡ್ದೋನಿಗೆ ಭಯಾನೇ ಇರಲ್ಲ ಕಣೋ. ಕ್ಷಮೆ ಬ್ಯಾಡ ಅಂತ ಬಾಗಿಲು ಹಾಕ್ಕೊಂಡು ಕೂತೋನಿಗೆ ಮಾತ್ರ ಕ್ಷಮೆ ಇಲ್ಲ. ನೀನು ಅಳ್ತಾ ನಿಂತಿದ್ದೀಯ. ಸಿಕ್ತು, ಹೋಗು ಬುಡು" ಎಂದು ಪೆಪ್ಪರಮೆಂಟು ಕೊಟ್ಟರು. ಆ ಪೆಪ್ಪರಮೆಂಟಿನ ರುಚಿ ಈಗಲೂ ನಾಲಿಗೆಯ ಮೇಲಿದೆ. ಸೀಬೇಕಾಯಿಯ ವಿಷಯ ಹೇಳಲು ಮರೆತಿದ್ದೆ.

ಅಂಥ ಟೀಚರಿಗೆ ನಾನು ಮಾಡಿದ್ದೇನು ಗೊತ್ತೇ? ಇಪ್ಪತ್ತೆರಡನೆಯ ವಯಸ್ಸಿಗೆ ಬಿ.ಎಸ್ಸಿ. ಮುಗಿಯಿತು. ಜಗತ್ತಿನ ಗುಟ್ಟೆಲ್ಲ ನನ್ನ ಜೇಬಿಗೆ ಬಂದುಬಿಟ್ಟಿತು. ಒಂದು ಭಾನುವಾರ ಅವರು ಮಕ್ಕಳಿಗೆ ಬೈಬಲ್ಲಿನ ಆದಿಕಾಂಡದ ಸೃಷ್ಟಿಯ ಕಥೆ ಹೇಳುತ್ತಿದ್ದಾಗ ನಾನು ಹಿಂದಿನ ಬೆಂಚಿನಿಂದ ಎದ್ದು ನಿಂತು, "ಆರು ದಿನವೂ ಅಲ್ಲ, ಮಣ್ಣಿನ ಗೊಂಬೆಯೂ ಅಲ್ಲ ಟೀಚರ್. ಕೋಟ್ಯಂತರ ವರ್ಷದ ವಿಕಾಸ ಅದು. ಓದಿದ್ದರೆ ನಿಮಗೂ ಗೊತ್ತಾಗೋದು" ಎಂದೆ. ಅವರು ಓದಿದ್ದು ಎಂಟನೆಯ ಕ್ಲಾಸು. ಮಕ್ಕಳು ಕಿಸಕ್ಕೆಂದರು. ಟೀಚರ್ ಸತ್ಯವೇದ ಮುಚ್ಚಿ, "ಈಗ ಹಾಡೋಣ" ಎಂದಷ್ಟೇ ಹೇಳಿದರು. ಮುಂದಿನ ಭಾನುವಾರದಿಂದ ಪಾಠಕ್ಕೆ ಬರಲೇ ಇಲ್ಲ. ಆ ಕ್ಲಾಸಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವಳು ಗ್ರೇಸ್. ಅಷ್ಟಾದ ಮೇಲೂ ನನ್ನನ್ನು ಮದುವೆಯಾದಳು, ಆದರೆ ಮರೆಯಲಿಲ್ಲ.

ಆಮೇಲೆ ನಾನು ಎರಡು ದೋಣಿಯಲ್ಲಿ ಕಾಲಿಟ್ಟು ಬದುಕಿದೆ. ಸ್ಟಾಫ್ ರೂಮಿನಲ್ಲಿ, "ನೀವು ಕ್ರಿಶ್ಚಿಯನ್ನರು, ವಿಕಾಸವಾದ ಹೆಂಗೆ ಪಾಠ ಮಾಡ್ತೀರಿ ಸಾರ್?" ಎಂದು ಕೆಣಕುವವರು. ಚರ್ಚಿನ ಅಂಗಳದಲ್ಲಿ, "ಏನ್ ಮೇಷ್ಟ್ರೇ, ಮಂಗನ ಪಾಠ ಮುಗೀತಾ?" ಎಂದು ಛೇಡಿಸುವವರು. ಒಂದು ಕಡೆ ದೇವರನ್ನು, ಇನ್ನೊಂದು ಕಡೆ ಮಂಗನನ್ನು ಸಮರ್ಥಿಸಿಕೊಂಡೇ ನನ್ನ ಕೂದಲು ನೆರೆಯಿತು. ತಮಾಷೆಯೆಂದರೆ, ವಿಕಾಸವಾದ ಹೇಳಿದ ಆ ಗಡ್ಡದ ಮಹಾಶಯರು ಮನೆಯಲ್ಲಿ ಪಾರಿವಾಳ ಸಾಕಿ, ತಳಿಗಳನ್ನು ಹೋಲಿಸಿ ನೋಡಿದವರು. ಅಂದರೆ ಸೃಷ್ಟಿಯ ಕಡೆಯಿಂದಲೂ ವಿಕಾಸದ ಕಡೆಯಿಂದಲೂ ಪಾರಿವಾಳಕ್ಕೆ ರಕ್ಷಣೆಯುಂಟು. ನನ್ನ ಅಂಗಿಗೆ ಮಾತ್ರ ಯಾವ ಕಡೆಯಿಂದಲೂ ಇಲ್ಲ.

ಹೋದ ವಾರ ಅಂಗಿ ಮತ್ತೆ ಹಾಳಾಯಿತು. ಪೊರಕೆ ಹಿಡಿದು ಸುಮ್ಮನೆ ನಿಂತ ನನ್ನನ್ನು ನೋಡಿ ಗ್ರೇಸಳ ತಾಳ್ಮೆ ತೀರಿತು. "ಪಾರಿವಾಳಕ್ಕೆ ಬೈದಿದ್ದಕ್ಕೆ ಐವತ್ತು ವರ್ಷದಿಂದ ಹೆದರ್ತಿದ್ದೀರಲ್ರೀ, ಆ ಟೀಚರಿಗೆ ಅಂದಿದ್ದಕ್ಕೆ ಒಂದು ದಿನಾನಾದ್ರೂ ಹೆದರಿದ್ದೀರಾ?" ಎಂದಳು. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಬಾಗಿಲು ಹಾಕಿಕೊಂಡು ಕೂತವನು ನಾನೇ! ಪೊರಕೆ ಮೂಲೆಗಿಟ್ಟು ಟೀಚರನ್ನು ಹುಡುಕಿಕೊಂಡು ಹೊರಟೆ.

ಟೀಚರಿಗೆ ಈಗ ಎಂಬತ್ತಾರು. ಗೋಕುಲಂನಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾರೆ. ನಾನು ಹೋದಾಗ ಮೇಲಿನ ಮಹಡಿಯಲ್ಲಿ ಯೋಗ ಕಲಿಯಲು ಬಂದ ವಿದೇಶಿಯರು ಶೀರ್ಷಾಸನ ಹಾಕಿದ್ದರು. ಕೆಳಗೆ ನಾನು ತಲೆ ತಗ್ಗಿಸಿ ನಿಂತಿದ್ದೆ. "ಟೀಚರ್, ನಾನು ಪ್ರಸನ್ನ. ಆವತ್ತು ನಿಮಗೆ..." ಎಂದು ಶುರು ಮಾಡಿದೆ. ಮರೆತಿರಬಹುದು ಎಂಬ ಆಸೆಯಿತ್ತು. ಅವರು ಏನೂ ಮರೆತಿರಲಿಲ್ಲ.

"ನಂಗೂ ನಿಂದೇ ಪ್ರಶ್ನೆ ಇತ್ತು ಕಣೋ" ಎಂದರು. "ಸೂರ್ಯನ್ನ ಮಾಡಿದ್ದೇ ನಾಕನೇ ದಿನ. ಅದಕ್ಕೆ ಮುಂಚಿನ ಮೂರು ದಿನ ಯಾವ ಗಡಿಯಾರ ನೋಡಿ ಎಣಿಸಿದ್ರು ಅಂತ ನಾನೂ ತಲೆ ಕೆಡಿಸ್ಕೊಂಡಿದ್ದೆ. ದೇವರು ಮಾಡಿದ್ದು ನಿಜ, ಎಷ್ಟೊತ್ತು ತಗೊಂಡ ಅನ್ನೋದು ಅವನಿಷ್ಟ. ನೀನು ಪಕ್ಕದಲ್ಲಿ ಕೂತ್ಕೊಂಡು ಕೇಳಿದ್ರೆ ಇಬ್ರೂ ಮಾತಾಡ್ಬೋದಿತ್ತು. ಎದ್ದು ನಿಂತ್ಬುಟ್ಟೆ."

"ಕ್ಷಮಿಸಿ ಟೀಚರ್."

"ಕ್ಷಮಿಸಿ ಇಟ್ಟು ನಲವತ್ತು ವರ್ಷದ ಮೇಲಾಯ್ತು. ತಗೊಂಡೋಗಕ್ಕೆ ನೀನೇ ಬರ್ಲಿಲ್ಲ" ಎಂದು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು. ಈ ಸಲ ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಪೆಪ್ಪರಮೆಂಟು ಇರಲಿಲ್ಲ, ಡಾಕ್ಟರು ಬರೆದುಕೊಟ್ಟ ಕೆಮ್ಮಿನ ಮಾತ್ರೆ ಒಂದನ್ನು ಕೊಟ್ಟರು. ಬಾಯಿಗೆ ಹಾಕಿಕೊಂಡೆ. ಸೀಬೇಕಾಯಿಯದನ್ನೂ ಆಗಲೇ ಒಪ್ಪಿಕೊಂಡೆ.

ಹಗುರಾಗಿ ಮನೆಗೆ ಬಂದು ಬಾಲ್ಕನಿಗೆ ಹೋದರೆ, ಅಂಗಿಯ ಮೇಲೆ ಮತ್ತೆ ಅದೇ ಗುರುತು. ಪಾರಿವಾಳ ಕಂಬಿಯ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಒಳಗಿನಿಂದ ಗ್ರೇಸ್, "ಇನ್ನೇನ್ರೀ ಭಯ, ಎಲ್ಲಾ ಕ್ಷಮೆ ಆಯ್ತಲ್ಲ, ಬಾಯಿ ಬಿಟ್ಟು ಬೈದು ಓಡಿಸಿ!" ಎಂದಳು. ಬಾಯಿ ತೆರೆದೆ. ಒಳ್ಳೊಳ್ಳೆಯ ಬೈಗುಳಗಳು ನಾಲಿಗೆಯ ತುದಿಗೆ ಬಂದು ನಿಂತವು. ಅಷ್ಟರಲ್ಲಿ ಟೀಚರ ವಯಸ್ಸು ನೆನಪಾಯಿತು. ಇನ್ನೊಂದು ಸಲ ತಪ್ಪಾದರೆ ನಾನು ಯಾರ ಮುಂದೆ ಹೋಗಿ ಅಳಲಿ? ಬಾಯಿ ಮುಚ್ಚಿಕೊಂಡು ಅಂಗಿ ತೆಗೆದು ಮತ್ತೆ ಬಕೀಟಿಗೆ ಹಾಕಿದೆ.